ಸನ್ನಡತೆಗೆ ಸಾಕ್ಷಿ ಯಾರು?

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ನಮ್ಮ ಚಿಂಬಲ್‌ನ ಇಂದಿರಾನಗರದ ಒಂದು ಮನೆಗೆ ಪೊಲೀಸ್ ಪೇದೆಯೊಬ್ಬರು ಬಂದರು. ಓಣಿಯವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡಿದರು. ಪೊಲೀಸರು ಹೊಕ್ಕ ಮನೆಯನ್ನು ಜನ ನೋಡುವ ರೀತಿಯೇ ಬೇರೆ. ಏಕೆ ಬಂದರೆಂಬುದು ಆಮೇಲೆ ತಿಳಿಯುತ್ತದೆ. ನೋಟ ಮೊದಲೇ ಬಿದ್ದಿರುತ್ತದೆ. ಬಂದ ಕಾರಣ ಇಷ್ಟೇ. ಆ ಮನೆಯ ಮಗಳು ನರ್ಸ್ ಆಗಿದ್ದಾಳೆ. ಮೂರು ವರ್ಷ ಕುವೈತ್‌ನಲ್ಲಿ, ಮೂರು ವರ್ಷ ಸೌದಿ ಅರೇಬಿಯಾದಲ್ಲಿ ರೋಗಿಗಳ ಶುಶ್ರೂಷೆ ಮಾಡಿ ಮರಳಿದವಳು. ಈಗ ಕೆನಡಾದಲ್ಲಿ ನೆಲೆಸಲು ಅರ್ಜಿ ಸಲ್ಲಿಸುತ್ತಿದ್ದಾಳೆ. ಅದಕ್ಕಾಗಿ ತಾನು ಇದ್ದ ಮೂರೂ ದೇಶಗಳ ಪೊಲೀಸರಿಂದ ತನ್ನ ಮೇಲೆ ಯಾವ ಅಪರಾಧದ ದಾಖಲೆಯೂ ಇಲ್ಲವೆಂಬ ಪತ್ರವನ್ನು ಆಕೆ ತರಬೇಕಾಗಿದೆ. ಪೇದೆ ಬಂದದ್ದು ಆ ಮೂರರಲ್ಲಿ ನಮ್ಮ ದೇಶದ ಪತ್ರದ ವಿಚಾರಣೆಗೆ.

ನೆರೆಹೊರೆಯ ಇಬ್ಬರು ಗೌರವಸ್ಥರ ಹೇಳಿಕೆ ಬೇಕೆಂದು ಪೇದೆ ಕೇಳಿದರಂತೆ. ಕೆಳಗಿನ ಓಣಿಯಲ್ಲಿ ಮಗನ ಮನೆಯಲ್ಲಿರುವ ನಮ್ಮನ್ನು ಕರೆತರಲು ಒಬ್ಬ ಹುಡುಗ ಓಡಿಬಂದ. ನಿವೃತ್ತ ಹೆಡ್‌ಮಾಸ್ತರರೆಂದರೆ ಗೌರವಸ್ಥರೆಂದು ಲೋಕ ಒಪ್ಪಿಕೊಂಡಿದೆ. ಅದನ್ನು ಯಾರೂ ವಿಚಾರಣೆ ಮಾಡಿ ನೋಡಿಲ್ಲ. ನಾವು ಹೋದೆವು, ಕನ್ನಡಕ ಹಾಕಿಕೊಂಡೆವು, ಕಾಗದವನ್ನು ಓದಿದೆವು. ಸಹಿ ಮಾಡುವ ಮುನ್ನ ನಮ್ಮ ಕೈ ಒಂದು ಕ್ಷಣ ತಡೆಯಿತು. ಆ ತಡೆಗೆ ಹುಡುಗಿ ಕಾರಣಳಲ್ಲ. ಕಾರಣವನ್ನು ಮುಂದೆ ಹೇಳುತ್ತೇವೆ. ಸಂಘದ ಸಂಪಾದಕ ಮಂಡಳಿಯವರು ಸಂಚಿಕೆಗೆ ನೈತಿಕ ವಿಷಯವೊಂದರ ಮೇಲೆ ಲೇಖನ ಬೇಕೆಂದು ಕೇಳಿದಾಗ ನಮಗೆ ತೋಚಿದ್ದು ಅದೊಂದೇ.

ಮೊದಲು ನಿಯಮವನ್ನು ತಿಳಿಯೋಣ. ನಮ್ಮ ಸದಸ್ಯರಲ್ಲಿ ಹಲವರ ಮಕ್ಕಳು ಇದೇ ದಾರಿಯಲ್ಲಿರುವುದರಿಂದ ಅವರಿಗೆ ಉಪಯೋಗವೂ ಆದೀತು. ಕೆನಡಾದಲ್ಲಿ ಖಾಯಂ ನೆಲೆಸಬಯಸುವವರು ಕಳೆದ 10 ವರ್ಷಗಳಲ್ಲಿ ಯಾವ ಯಾವ ದೇಶಗಳಲ್ಲಿ ಸತತವಾಗಿ 6 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಇದ್ದರೋ ಆಯಾ ದೇಶದ ಪೊಲೀಸ್ ಪ್ರಮಾಣಪತ್ರವನ್ನು ಒಪ್ಪಿಸಬೇಕು. 18 ವರ್ಷ ತುಂಬುವುದಕ್ಕೆ ಮುಂಚಿನ ಕಾಲಕ್ಕೆ ಅದು ಬೇಕಿಲ್ಲ. ಆಸ್ಟ್ರೇಲಿಯಾದ ಲೆಕ್ಕ ಬೇರೆ: 16 ವರ್ಷ ತುಂಬಿದ ಮೇಲಿನ ವಾಸವನ್ನು ಎಣಿಸಿ, 10 ವರ್ಷಗಳಲ್ಲಿ ಎಲ್ಲ ಕೂಡಿ 12 ತಿಂಗಳಾದರೆ ಆ ದೇಶದ ಪತ್ರ ಬೇಕು. ಕೆನಡಾದವರ ಇನ್ನೊಂದು ಕರಾರು ಗಮನಿಸತಕ್ಕದ್ದು. ಈಗ ಇರುವ ದೇಶದ ಪತ್ರ ಅರ್ಜಿಗೆ ಹಿಂದಿನ 6 ತಿಂಗಳೊಳಗಿನದಾಗಿರಬೇಕು. ಬಿಟ್ಟುಬಂದ ದೇಶದ ಪತ್ರ ಅಲ್ಲಿನ ವಾಸ ಮುಗಿದ ಬಳಿಕ ಪಡೆದದ್ದಾಗಿರಬೇಕು. ಅಂದರೆ ಅಲ್ಲಿ ಕೆಲಸದಲ್ಲಿದ್ದಾಗ, ಗುರುತಿನ ಕಾರ್ಡು ಕೈಯಲ್ಲಿದ್ದಾಗ, ಠಾಣೆ ಎರಡು ಹೆಜ್ಜೆಯಲ್ಲಿದ್ದಾಗ ಪಡೆದ ಪತ್ರ ಸಾಲದು. ಊರು ಬಿಟ್ಟು, ಕಾರ್ಡು ಹಿಂದಿರುಗಿಸಿ, ಪರಿಚಯದವರೆಲ್ಲ ಚದುರಿದ ಮೇಲೆ ದೂರದಿಂದ ಬರೆದು ಕೇಳಬೇಕು. ನಿಯಮದಲ್ಲಿ ತರ್ಕವಿಲ್ಲದೆ ಇಲ್ಲ; ಪತ್ರ ಪಡೆದ ಮರುದಿನವೇ ಅಪರಾಧ ಮಾಡಿ ಹೊರಟವನೂ ಇರಬಹುದಲ್ಲ! ಆದರೆ ಆ ಒಬ್ಬನ ಸಲುವಾಗಿ ಉಳಿದವರೆಲ್ಲ ಬೆರಳಚ್ಚು ಕೊಟ್ಟು, ಅದಕ್ಕೆ ಮುದ್ರೆ ಹಾಕಿಸಿ, ಕಾಯುತ್ತ ಕುಳಿತುಕೊಳ್ಳುತ್ತಾರೆ.

ನಮ್ಮ ದೇಶದಲ್ಲಿ ಈ ಪತ್ರವನ್ನು ಕೊಡುವುದು ಪಾಸ್‌ಪೋರ್ಟ್ ಕಚೇರಿ. ಶುಲ್ಕ 500 ರೂಪಾಯಿ. ಪ್ರವಾಸಕ್ಕೆ ಹೋಗುವವರಿಗೆ ಕೊಡುವುದಿಲ್ಲ. ಉದ್ಯೋಗಕ್ಕೆ, ದೀರ್ಘಕಾಲದ ವಾಸಕ್ಕೆ, ವಲಸೆಗೆ ಹೊರಟವರಿಗೆ ಮಾತ್ರ. ಅದರ ಒಕ್ಕಣೆ ಬಹಳ ಎಚ್ಚರಿಕೆಯದು. ಅರ್ಜಿದಾರನು ಒಳ್ಳೆಯವನೆಂದು ಅದು ಹೇಳುವುದಿಲ್ಲ. ಪ್ರಯಾಣದ ಸೌಲಭ್ಯಕ್ಕೆ ಅನರ್ಹಗೊಳಿಸುವಂಥ ಪ್ರತಿಕೂಲ ಮಾಹಿತಿ ಇಲ್ಲವೆಂದಷ್ಟೇ ಹೇಳುತ್ತದೆ. ‘ಇದೆ’ ಎಂಬುದನ್ನಲ್ಲ, ‘ಇಲ್ಲ’ ಎಂಬುದನ್ನು ಹೇಳುವ ಪತ್ರವಿದು. ಈ ವ್ಯತ್ಯಾಸವನ್ನು ಬರೆದವರು ಬಲ್ಲರು, ಓದುವವರು ಮರೆಯುತ್ತಾರೆ.

2022ರಲ್ಲಿ ನಡೆದುದನ್ನು ಇಲ್ಲಿ ನೆನೆಯಬಹುದು. ಸೌದಿ ಅರೇಬಿಯಾಕ್ಕೆ ಕೆಲಸಕ್ಕೆ ಹೋಗುವವರು ಈ ಪತ್ರವನ್ನು ತರಬೇಕಾದಾಗ ದೇಶದಾದ್ಯಂತ ಬೇಡಿಕೆ ಏಕಾಏಕಿ ಹೆಚ್ಚಿತು. ಆ ವರ್ಷದ ಸೆಪ್ಟೆಂಬರ್ 28ರಿಂದ ಅಂಚೆ ಕಚೇರಿಗಳಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿಯೂ ಅರ್ಜಿ ಸಲ್ಲಿಸಲು ನಮ್ಮ ವಿದೇಶಾಂಗ ಸಚಿವಾಲಯ ಅವಕಾಶ ಮಾಡಿತು. ಎರಡು ತಿಂಗಳು ತುಂಬುವುದರೊಳಗೆ, ನವೆಂಬರ್ 17ರಂದು, ಭಾರತೀಯರಿಗೆ ಇನ್ನು ಈ ಪತ್ರ ಬೇಕಿಲ್ಲವೆಂದು ಸೌದಿ ರಾಯಭಾರ ಕಚೇರಿ ಪ್ರಕಟಿಸಿತು. ಸೆಪ್ಟೆಂಬರಿನಲ್ಲಿ ಶಂಕೆಗೆ ಪಾತ್ರರಾಗಿದ್ದ ಗಾರೆ ಕೆಲಸದವರೂ ಚಾಲಕರೂ ನವೆಂಬರಿನಲ್ಲಿ ಶಂಕೆಯಿಂದ ಮುಕ್ತರಾದರು. ಈ ನಡುವೆ ಅವರ ಸ್ವಭಾವದಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ. ಬದಲಾದದ್ದು ಎರಡು ದೇಶಗಳ ನಡುವಣ ಸಂಬಂಧದ ಹದ.

ಇಷ್ಟು ಕೇಳಿದವರು ನಮ್ಮನ್ನು ಈ ಪದ್ಧತಿಯ ವಿರೋಧಿಗಳೆಂದು ತಿಳಿಯಬಹುದು. ಹಾಗಲ್ಲ. ಮನೆಯ ಯಜಮಾನನಿಗೆ ಬಾಗಿಲು ಬಡಿದವನು ಯಾರೆಂದು ಕೇಳುವ ಹಕ್ಕು ಉಂಟು. ನಾವೇ ಏನು ಮಾಡುತ್ತೇವೆ? ಘಟ್ಟದ ಮೇಲಿಂದ ನಮ್ಮವರು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಈ ಗುಡ್ಡಕ್ಕೆ ಬಂದು ತಗಡು ಹೊದಿಸಿಕೊಂಡು ಇದ್ದ ಕಾಲದಲ್ಲಿ ನಮ್ಮನ್ನು ‘ಘಾಂಟಿ’ಗಳೆಂದು ಕರೆದವರಿದ್ದರು. ಪಣಜಿಯಲ್ಲಿ ಎಲ್ಲಿಯೋ ಕಳವಾದರೆ ಮೊದಲು ಇಂದಿರಾನಗರದ ಕಡೆಗೆ ಬೊಟ್ಟು ಮಾಡುತ್ತಿದ್ದರೆಂದು ಹಿರಿಯರು ಇಂದಿಗೂ ನೋವಿನಿಂದ ಹೇಳುತ್ತಾರೆ. ಅದೇ ಹಿರಿಯರು ಇಂದು ಎರಡು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಬಿಹಾರದಿಂದ, ಒಡಿಶಾದಿಂದ ಹುಡುಗರು ಕೋಣೆ ಕೇಳಿಕೊಂಡು ಬಂದರೆ ‘ಇವರು ಎಂಥವರೋ ಏನೋ’ ಎಂದು ಅನುಮಾನಿಸುತ್ತಾರೆ. ಬಾಡಿಗೆದಾರರ ವಿವರವನ್ನು ಠಾಣೆಗೆ ಒಪ್ಪಿಸಬೇಕೆಂಬ ನಿಯಮ ಗೋವೆಯಲ್ಲಿದೆ, ಅದನ್ನು ಪಾಲಿಸುವುದು ಸರಿಯೇ. ಆದರೆ ನಮೂನೆ ತುಂಬಿಸಿಕೊಳ್ಳುವುದು ಒಂದು, ತುಂಬಿಸಿಕೊಳ್ಳುವಾಗ ಎದುರಿಗಿರುವವನ ಮುಖವನ್ನು ನೋಡುವ ಬಗೆ ಇನ್ನೊಂದು. ಕೆನಡಾದ ಅಧಿಕಾರಿ ನಮ್ಮ ಹುಡುಗಿಯನ್ನು ಕೇಳಿದ್ದನ್ನೇ ನಾವು ಒಡಿಶಾದ ಹುಡುಗನನ್ನು ಕೇಳುತ್ತಿದ್ದೇವೆ. ಕೇಳುವುದು ತಪ್ಪೆನ್ನಲಾರೆವು. ಕೇಳಿ ಪಡೆದ ಉತ್ತರಕ್ಕೆ ಎಷ್ಟು ಬೆಲೆ ಕಟ್ಟಬೇಕೆಂಬುದೇ ನಮ್ಮ ಪ್ರಶ್ನೆ.

ಪೊಲೀಸರ ಪುಸ್ತಕದಲ್ಲಿ ಹೆಸರು ಇರುವುದಕ್ಕೂ ಮನುಷ್ಯನ ಶೀಲಕ್ಕೂ ಏನು ಸಂಬಂಧ? ಬಹಳ ಸಲ ಸಂಬಂಧವಿರುತ್ತದೆ. ಇಲ್ಲವೆಂದರೆ ಪೊಲೀಸರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಆದರೆ ನಮ್ಮ ಚಿಂಬಲ್‌ನಿಂದ ಬಸ್ಸು ಹಿಡಿದು ಪಣಜಿಗೆ ಹೋದರೆ ‘18 ಜೂನ್ ರಸ್ತೆ’ ಸಿಗುತ್ತದೆ. ದಿನವೂ ಅಲ್ಲಿ ಬಟ್ಟೆ, ಚಪ್ಪಲಿ, ಗೋಡಂಬಿ ಕೊಳ್ಳುವ ನಾವು ಆ ತಾರೀಖು ಏನೆಂದು ಮಕ್ಕಳಿಗೆ ಹೇಳುವುದಿಲ್ಲ. 1946ರ ಜೂನ್ 18ರಂದು ಡಾ. ರಾಮಮನೋಹರ ಲೋಹಿಯಾ ಅವರು ಮಡಗಾವಿನಲ್ಲಿ ಸಭೆಯ ನಿಷೇಧವನ್ನು ಮುರಿದು ಬಂಧನಕ್ಕೊಳಗಾದರು. ಅದೇ ವರ್ಷ ತ್ರಿಸ್ತಾಂವ್ ಬ್ರಗಾಂಸ ಕುನ್ಹಾ ಅವರನ್ನು ಪೋರ್ಚುಗೀಸರು ಹಿಡಿದು, ಶಿಕ್ಷೆ ವಿಧಿಸಿ, ಸಮುದ್ರದಾಚೆ ಪೆನಿಶ್ ಕೋಟೆಯ ಸೆರೆಮನೆಗೆ ಕಳುಹಿಸಿದರು. ಆ ದಿನಗಳಲ್ಲಿ ಇವರು ವಿದೇಶಕ್ಕೆ ಹೋಗಲು ಪೋರ್ಚುಗೀಸ್ ಪೊಲೀಸರಿಂದ ಸನ್ನಡತೆಯ ಪತ್ರ ಕೇಳಿದ್ದರೆ ಸಿಗುತ್ತಿತ್ತೇ? 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಯಾದ ಮೇಲೆ ಅದೇ ಸೆರೆವಾಸ ಗೌರವವಾಯಿತು, ಅಪರಾಧದ ತಾರೀಖು ರಸ್ತೆಯ ಹೆಸರಾಯಿತು. ಪುಸ್ತಕದ ಸಾಲು ಅದೇ. ಪುಸ್ತಕವನ್ನು ಹಿಡಿದ ಕೈ ಬೇರೆಯಾಯಿತು.

ಇದು ಪರಕೀಯರ ಆಳಿಕೆಯ ಮಾತು ಎನ್ನುವಿರಾದರೆ ಸ್ವಂತ ನಾಡಿಗೇ ಬನ್ನಿ. 2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಿರಸ್ಕರಿಸಿದಾಗ ನವಲಗುಂದ, ನರಗುಂದದ ಕಡೆ ರೈತರು ಬೀದಿಗಿಳಿದರು. ಲಾಠಿ ಬೀಸಿತು, ಬಂಧನಗಳಾದವು, ಮೊಕದ್ದಮೆಗಳು ದಾಖಲಾದವು. ನದಿಯ ವ್ಯಾಜ್ಯದಲ್ಲಿ ಗೋವೆಯೂ ಕರ್ನಾಟಕವೂ ಎದುರುಬದುರಾಗಿರುವುದರಿಂದ ಇಲ್ಲಿ ಕುಳಿತು ಆ ವಿಷಯದ ತೀರ್ಪು ಹೇಳಲು ನಾವು ಇಷ್ಟಪಡುವುದಿಲ್ಲ. ಈ ನೀರನ್ನು ಕುಡಿದು ಆ ಮಣ್ಣಿನ ಋಣದಲ್ಲಿರುವವರು ನಾವು. ಆದರೆ ಒಂದು ಮಾತು ನಿಜ. ಕುಡಿಯುವ ನೀರಿಗಾಗಿ ರಸ್ತೆಗೆ ಬಂದ ಹುಡುಗನ ಹೆಸರೂ, ಅಂಗಡಿಯ ಗಲ್ಲಾ ಒಡೆದವನ ಹೆಸರೂ ಠಾಣೆಯ ಪುಸ್ತಕದಲ್ಲಿ ಒಂದೇ ಮಸಿಯಲ್ಲಿ ಇರುತ್ತವೆ. 1967ರ ಪಾಸ್‌ಪೋರ್ಟ್ ಕಾಯಿದೆಯ 6ನೆಯ ಕಲಮಿನ ಪ್ರಕಾರ ನ್ಯಾಯಾಲಯದಲ್ಲಿ ಅಪರಾಧದ ಮೊಕದ್ದಮೆ ಬಾಕಿಯಿದ್ದರೆ ಪಾಸ್‌ಪೋರ್ಟನ್ನು ನಿರಾಕರಿಸಬಹುದು. ನ್ಯಾಯಾಲಯದ ಅಪ್ಪಣೆ ತಂದವರಿಗೆ ವಿನಾಯಿತಿಯಿದೆ, ಅದಕ್ಕಾಗಿ 1993ರ ಒಂದು ಅಧಿಸೂಚನೆಯೂ ಇದೆ. ಅಪರಾಧ ಸಿದ್ಧವಾಗುವವರೆಗೆ ಎಲ್ಲರೂ ನಿರಪರಾಧಿಗಳೆಂಬುದು ನ್ಯಾಯಾಲಯದ ತತ್ವ. ಅರ್ಜಿಯ ಕಿಟಕಿಯ ಮುಂದೆ ಆ ತತ್ವಕ್ಕೆ ಸ್ವಲ್ಪ ಮಂಕು ಕವಿಯುತ್ತದೆ. ಅಲ್ಲಿ ತಾನು ನಿರಪರಾಧಿಯೆಂದು ಅರ್ಜಿದಾರನೇ ಕಾಗದ ತರಬೇಕು.

ಇನ್ನೂ ಹಿಂದೆ ಹೋದರೆ ಮನಸ್ಸು ಭಾರವಾಗುತ್ತದೆ. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರಿನ ಭಾಗ ಇಂದಿಗೂ ಇದೆ, ಗದಗಿನಲ್ಲಿಯೂ ಇದೆ. ಆ ಹೆಸರು ಬಂದದ್ದು ಬ್ರಿಟಿಷರ ಅಪರಾಧಿ ಬುಡಕಟ್ಟುಗಳ ಕಾಯಿದೆಯಿಂದ. 1871ರಲ್ಲಿ ಉತ್ತರದಲ್ಲಿ ಆರಂಭವಾದ ಆ ಕಾಯಿದೆ 1911ರ ಹೊತ್ತಿಗೆ ನಮ್ಮ ಮುಂಬಯಿ ಪ್ರಾಂತಕ್ಕೂ ವಿಸ್ತರಿಸಿತು. ಕೆಲವು ಸಮುದಾಯಗಳಲ್ಲಿ ಹುಟ್ಟಿದ ಮಾತ್ರಕ್ಕೆ ಮನುಷ್ಯ ಅಪರಾಧಿಯೆಂದು ಅದು ಎಣಿಸಿತು. ತಂತಿಬೇಲಿಯೊಳಗೆ ವಾಸ, ಠಾಣೆಯಲ್ಲಿ ಹಾಜರಿ, ಹೊರಗೆ ಹೋಗಬೇಕಾದರೆ ಪಾಸು. ಪಕ್ಕದ ಊರಿನ ಜಾತ್ರೆಗೆ ಹೋಗಲೂ ಪೊಲೀಸರ ಕಾಗದ ಬೇಕಾಗಿದ್ದ ಆ ಜನ ಕೆನಡಾಕ್ಕೆ ಹೊರಟವರಲ್ಲ. ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರ ಆಗಸ್ಟ್ 31ರಂದು, ಅವರು ಆ ಪಟ್ಟಿಯಿಂದ ಬಿಡುಗಡೆ ಹೊಂದಿದರು. ಸಮುದಾಯಗಳ ಹೆಸರನ್ನು ನಾವು ಬರೆಯುವುದಿಲ್ಲ. ಅವರ ಮೊಮ್ಮಕ್ಕಳು ಈ ಸಂಚಿಕೆಯನ್ನು ಓದುತ್ತಿರಬಹುದು, ನಮ್ಮ ಸಂಘದ ಪದಾಧಿಕಾರಿಗಳೇ ಆಗಿರಬಹುದು.

ಪರದೇಶದಲ್ಲಿ ಇದ್ದು ಬಂದವರು ಸನ್ನಡತೆಗೆ ಪ್ರಮಾಣ ತರಬೇಕೆಂಬುದು ಆಧುನಿಕ ಸರಕಾರಗಳ ಕಲ್ಪನೆಯೆಂದು ಭಾವಿಸುವುದು ತಪ್ಪು. ನಮ್ಮ ಪುರಾಣದಲ್ಲಿ ಅದರ ಮೊದಲ ಅರ್ಜಿದಾರಳು ಸೀತಾದೇವಿ. ಆಕೆ ಲಂಕೆಗೆ ಹೋದದ್ದು ಸ್ವಂತ ಇಚ್ಛೆಯಿಂದಲ್ಲ, ಅಪಹರಣಕ್ಕೆ ಒಳಗಾದವಳು. ಆದರೂ ಅಲ್ಲಿ ಕಳೆದ ತಿಂಗಳುಗಳ ಲೆಕ್ಕವನ್ನು ಆಕೆಯೇ ಕೊಡಬೇಕಾಯಿತು. ಅಗ್ನಿಯೇ ಸಾಕ್ಷಿ ನುಡಿದ. ಅದಕ್ಕಿಂತ ದೊಡ್ಡ ಮುದ್ರೆ ಯಾವ ಕಚೇರಿಯಲ್ಲಿದೆ? ಅಯೋಧ್ಯೆಗೆ ಬಂದ ಮೇಲೆ ಊರವರ ಮಾತಿನ ಮುಂದೆ ಆ ಪತ್ರದ ಅವಧಿ ಮುಗಿದುಹೋಗಿತ್ತು! ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಸೀತಾ ಪರಿತ್ಯಾಗದ ಪ್ರಸಂಗವನ್ನು ತರಗತಿಯಲ್ಲಿ ಓದಿಸುವಾಗ ಹಿಂದಿನ ಬೆಂಚಿನ ಹುಡುಗರೂ ಸುಮ್ಮನಾಗುತ್ತಿದ್ದುದನ್ನು ನಾವು ಕಂಡಿದ್ದೇವೆ.

ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದಲ್ಲಿ ಈ ಸಂದರ್ಭಕ್ಕೆ ಬಂದಾಗ ಒಂದು ದೊಡ್ಡ ಬದಲಾವಣೆ ಮಾಡಿದರು. ಅಲ್ಲಿ ಸೀತೆ ಒಬ್ಬಳೇ ಅಗ್ನಿಯನ್ನು ಪ್ರವೇಶಿಸುವುದಿಲ್ಲ, ರಾಮನೂ ಪ್ರವೇಶಿಸುತ್ತಾನೆ. ನಾವು ಅನೇಕ ವರ್ಷ ಇದನ್ನು ಮಕ್ಕಳಿಗೆ ‘ಕವಿಯ ಸಮಾನತೆಯ ದೃಷ್ಟಿ’ ಎಂದು ಟಿಪ್ಪಣಿ ಬರೆಸಿ ಮುಗಿಸಿಬಿಟ್ಟೆವು. ಪರೀಕ್ಷೆಗೆ ಅಷ್ಟು ಸಾಕಾಗುತ್ತಿತ್ತು. ಪ್ರಮಾಣವನ್ನು ಕೇಳುವವನೂ ಪ್ರಮಾಣಕ್ಕೆ ಒಳಪಡಬೇಕೆಂಬ ಅದರ ಇನ್ನೊಂದು ಅರ್ಥ ನಮಗೆ ಹೊಳೆದದ್ದು ಎಪ್ಪತ್ತು ದಾಟಿದ ಮೇಲೆ, ಇಂದಿರಾನಗರದ ಆ ಮನೆಯ ಜಗಲಿಯಲ್ಲಿ, ಕೈಯಲ್ಲಿ ಪೆನ್ನು ಹಿಡಿದು ಕುಳಿತಾಗ.

ಈಗ ನಮ್ಮ ಮಾತಿಗೆ ಬರುತ್ತೇವೆ.

ಉತ್ತರ ಕರ್ನಾಟಕದ ಶಾಲೆಗಳಲ್ಲಿ ಶಾಲೆ ಬಿಡುವ ವಿದ್ಯಾರ್ಥಿಗೆ ಕೊಡುವ ದಾಖಲೆಯನ್ನು ‘ಎಲ್.ಸಿ.’ ಎನ್ನುವುದು ರೂಢಿ. ಹೆಸರು, ಜಾತಿ, ಹುಟ್ಟಿದ ತಾರೀಖು, ಕಲಿತ ಇಯತ್ತೆ ಎಲ್ಲ ಆದ ಮೇಲೆ ಒಂದು ಕಾಲಮು ಇರುತ್ತದೆ: ನಡತೆ. ಅಲ್ಲಿ ‘ಉತ್ತಮ’ ಎಂದು ಬರೆಯುವುದು ಪದ್ಧತಿ. ನಾವು ನಮ್ಮ ಸೇವಾವಧಿಯಲ್ಲಿ ಎಷ್ಟು ಸಾವಿರ ಸಲ ‘ಉತ್ತಮ’ ಎಂದು ಬರೆದೆವೋ ಎಣಿಸಿದವರಿಲ್ಲ. ಗುಮಾಸ್ತರೇ ತುಂಬಿ ತಂದಿಟ್ಟಾಗ ಸಹಿ ಹಾಕಿದ್ದೇ ಹೆಚ್ಚು. ಆ ‘ಉತ್ತಮ’ರಲ್ಲಿ ಮುಂದೆ ಏನೇನಾದವರೂ ಇದ್ದಾರೆ, ಆ ಪಟ್ಟಿ ಇಲ್ಲಿ ಬೇಡ.

ಒಬ್ಬ ಹುಡುಗನಿಗೆ ಮಾತ್ರ ನಾವು ‘ಸಾಧಾರಣ’ ಎಂದು ಬರೆದೆವು. 1988ನೆಯ ಇಸವಿ. ನಾವು ಆ ವರ್ಷ ಪ್ರಭಾರಿ ಮುಖ್ಯೋಪಾಧ್ಯಾಯರಾಗಿದ್ದೆವು. ವಯಸ್ಸು ನಲವತ್ತಾಗಿರಲಿಲ್ಲ, ಕುರ್ಚಿ ಹೊಸದು. ಶಾಲಾ ತಪಾಸಣೆಗೆ ಇನ್‌ಸ್ಪೆಕ್ಟರರು ಬಂದರು. ಹತ್ತನೆಯ ತರಗತಿಗೆ ಹೋಗಿ, ಲೋಲಕದ ಪ್ರಯೋಗ ಮಾಡಿದ್ದೀರಾ ಎಂದು ಕೇಳಿದರು. ಮಕ್ಕಳೆಲ್ಲ, ಮೊದಲೇ ಹೇಳಿಕೊಟ್ಟಂತೆ, ಹೌದೆಂದರು. ಮೂರನೆಯ ಸಾಲಿನಿಂದ ಒಬ್ಬ ಎದ್ದು ನಿಂತು, ‘ಇಲ್ಲ ಸರ್, ಕಪಾಟಿನ ಕೀಲಿ ತೆಗೆದೇ ಇಲ್ಲ’ ಎಂದ. ನಿಜ. ಉಪಕರಣಗಳು ಒಡೆದರೆ ಲೆಕ್ಕ ಕೊಡಬೇಕಾಗುತ್ತದೆಂಬ ಅಂಜಿಕೆಯಿಂದ ಆ ಕಪಾಟನ್ನು ನಾವು ಬೀಗ ಹಾಕಿಯೇ ಇಟ್ಟಿದ್ದೆವು. ಇನ್‌ಸ್ಪೆಕ್ಟರರು ನಕ್ಕು ಮುಂದೆ ಹೋದರು. ವರದಿಯಲ್ಲಿ ಏನೂ ಬರೆಯಲಿಲ್ಲ. ಬರೆದವರು ನಾವು. ಪರೀಕ್ಷೆ ಮುಗಿದು ಹುಡುಗ ಎಲ್.ಸಿ. ತೆಗೆದುಕೊಳ್ಳಲು ಬಂದಾಗ ಗುಮಾಸ್ತರು ತುಂಬದೆ ಬಿಟ್ಟಿದ್ದ ಆ ಕಾಲಮಿನಲ್ಲಿ ನಮ್ಮ ಕೈಯಾರೆ ‘ಸಾಧಾರಣ’ ಎಂದು ಬರೆದು ಸಹಿ ಮಾಡಿದೆವು. ಅವನು ಓದಿದ. ನಮ್ಮ ಮುಖ ನೋಡಿದ. ನಮಸ್ಕಾರ ಮಾಡಿ ಹೋದ. ಅಂದು ನಮಗೆ ಶಿಸ್ತು ಕಾಪಾಡಿದ ತೃಪ್ತಿಯೇ ಆಯಿತು, ಸುಳ್ಳು ಹೇಳಲಾರೆವು.

ಆ ಹುಡುಗನೇ ಈ ನರ್ಸ್ ಹುಡುಗಿಯ ತಂದೆ.

ನಾವು ನಿವೃತ್ತರಾಗಿ ಮಗನ ಮನೆಗೆಂದು ಚಿಂಬಲ್‌ಗೆ ಬಂದಾಗ ಮೊದಲು ಬಂದು ಕಾಲು ಮುಟ್ಟಿದವರಲ್ಲಿ ಅವನೂ ಒಬ್ಬ. ನಮ್ಮ ತಾಲೂಕಿನ ಮಂದಿ ಈ ಗುಡ್ಡದಲ್ಲಿ ಬಹಳ ಇರುವುದರಿಂದ ಹಳೆಯ ವಿದ್ಯಾರ್ಥಿ ಸಿಕ್ಕಿದ್ದರಲ್ಲಿ ಆಶ್ಚರ್ಯವಿರಲಿಲ್ಲ. ಗಾರೆಯ ಆಳಾಗಿ ಬಂದವನು ಮೇಸ್ತ್ರಿಯಾಗಿ, ಈಗ ಸಣ್ಣ ಗುತ್ತಿಗೆಗಳನ್ನು ಮಾಡುತ್ತಾನೆ. ಎಲ್.ಸಿ.ಯ ಮಾತು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಮರೆತಿದ್ದಾನೆಂದು ನಾವು ನಮಗೆ ಹೇಳಿಕೊಂಡೆವು.

ಅಂದು ಪೇದೆ ಮನೆಯ ದಾಖಲೆಗಳನ್ನು ಕೇಳಿದಾಗ ಅವನು ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದ. ಪಡಿತರ ಚೀಟಿ, ಮನೆಯ ಕರದ ರಸೀದಿ, ವಿದ್ಯುತ್ತಿನ ಬಿಲ್ಲು, ಅವುಗಳ ನಡುವೆ ಮಡಿಕೆಗಳಲ್ಲಿ ಹರಿದು ಅಂಟಿಸಿದ ಹಳದಿ ಬಣ್ಣದ ಕಾಗದ. ನಮ್ಮ ಸಹಿಯನ್ನು ನಾವು ದೂರದಿಂದಲೇ ಗುರುತಿಸಿದೆವು. ಅವನ ಹುಟ್ಟಿದ ತಾರೀಖಿಗೆ ಬೇರೆ ಆಧಾರವಿಲ್ಲ. ನಮ್ಮ ಹಳ್ಳಿಗಳಲ್ಲಿ ಆ ಕಾಲದ ಜನ್ಮ ನೋಂದಣಿ ಎಷ್ಟರಮಟ್ಟಿಗೆ ಇತ್ತೆಂಬುದು ಎಲ್ಲರಿಗೂ ಗೊತ್ತು. ಹೀಗಾಗಿ ಮತದಾರರ ಪಟ್ಟಿಗೆ, ಪಡಿತರ ಚೀಟಿಗೆ, ಬ್ಯಾಂಕಿಗೆ, ಆಧಾರ್‌ಗೆ, ಮಗಳ ಕಾಲೇಜಿಗೆ, ಎಲ್ಲ ಕಡೆಗೂ ಅವನು ಅದೇ ಎಲ್.ಸಿ.ಯ ನಕಲನ್ನು ಕೊಡುತ್ತ ಬಂದಿದ್ದಾನೆ. ಮೂವತ್ತೈದಕ್ಕೂ ಹೆಚ್ಚು ವರ್ಷಗಳಿಂದ ಪ್ರತಿ ಕಿಟಕಿಯ ಮುಂದೆ ಆ ‘ಸಾಧಾರಣ’ವನ್ನು ತಾನೇ ಮುಂದೆ ಚಾಚುತ್ತ ಬಂದಿದ್ದಾನೆ. ಹೆಚ್ಚಿನವರು ಆ ಕಾಲಮನ್ನು ಓದಿರಲಿಕ್ಕಿಲ್ಲ.

ಒಬ್ಬರು ಓದಿದ್ದರು. ಪೇದೆ ಹೋದ ಮೇಲೆ ನಾವೇ ಕೇಳಿದೆವು, ಇನ್ನು ಕೇಳದೆ ಇರುವುದು ಹೇಡಿತನವೆನ್ನಿಸಿ. ಅವನು ಬಹಳ ಸರಳವಾಗಿ ಹೇಳಿದ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಒಂದು ತಾಂತ್ರಿಕ ತರಬೇತಿ ಸಂಸ್ಥೆಗೆ ಅರ್ಜಿ ಹಾಕಿದ್ದನಂತೆ. ಅಲ್ಲಿಯ ಗುಮಾಸ್ತರು ಎಲ್.ಸಿ. ನೋಡಿ, ‘ಇದೇನು, ಎಲ್ಲರಿಗೂ ಉತ್ತಮ ಇರುತ್ತದಲ್ಲ! ಹೋಗಿ ನಿನ್ನ ಹೆಡ್‌ಮಾಸ್ತರರಿಂದ ಬೇರೆ ನಡತೆಯ ಪತ್ರ ತೆಗೆದುಕೊಂಡು ಬಾ’ ಎಂದರಂತೆ. ‘ನಿಮ್ಮ ಹತ್ತಿರ ಬರಬೇಕೆಂದಿದ್ದೆ ಸರ್. ಬರಲಿಲ್ಲ. ಅಷ್ಟರಲ್ಲಿ ಸೋದರಮಾವ ಗೋವಾಕ್ಕೆ ಹೊರಟಿದ್ದ, ಅವನ ಜೊತೆ ಲಾರಿ ಹತ್ತಿದೆ.’ ಇಷ್ಟೇ. ದೂರುವ ಧ್ವನಿಯಿರಲಿಲ್ಲ. ಸೀಟು ಹೇಗೂ ಸಿಗುತ್ತಿರಲಿಲ್ಲವೇನೋ ಎಂದು ನಮಗೆ ಸಮಾಧಾನದ ಮಾತನ್ನೂ ಅವನೇ ಸೇರಿಸಿದ.

ಪೊಲೀಸರ ಪತ್ರಕ್ಕೂ ನಮ್ಮ ಪತ್ರಕ್ಕೂ ಇರುವ ಅಂತರವನ್ನು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆವು. ಪೊಲೀಸರ ಪತ್ರ ತನ್ನ ಮಿತಿಯನ್ನು ತಾನೇ ಬಲ್ಲದು: ನಮ್ಮ ಪುಸ್ತಕದಲ್ಲಿ ಪ್ರತಿಕೂಲವಾದುದಿಲ್ಲ, ಅಷ್ಟೇ. ಒಬ್ಬ ಅಧಿಕಾರಿಯ ಮುನಿಸಿಗೆ ಅಲ್ಲಿ ಪೂರ್ತಿ ಎಡೆಯಿಲ್ಲವೆಂದಲ್ಲ. ಆದರೂ ಪುಸ್ತಕದಲ್ಲಿ ನಮೂದಾಗಬೇಕು, ನಮೂದಿಗೆ ಕಲಮು ಬೇಕು, ಕಲಮಿಗೆ ನ್ಯಾಯಾಲಯವಿದೆ, ನ್ಯಾಯಾಲಯದ ಮೇಲೆ ಇನ್ನೊಂದಿದೆ. ನಮ್ಮ ‘ಸಾಧಾರಣ’ಕ್ಕೆ ಯಾವ ಕಲಮೂ ಇರಲಿಲ್ಲ, ಮೇಲ್ಮನವಿಯೂ ಇರಲಿಲ್ಲ. ಶೀಲವನ್ನು ಬಲ್ಲವರು ಹತ್ತಿರವಿದ್ದವರು, ಗುರುಗಳು, ನೆರೆಯವರು, ಆದ್ದರಿಂದ ಪೊಲೀಸರ ಪುಸ್ತಕಕ್ಕಿಂತ ಅವರ ಮಾತೇ ಹೆಚ್ಚು ನಂಬತಕ್ಕದ್ದು ಎಂದು ನಾವು ಹಿಂದೊಮ್ಮೆ ಇದೇ ಸಂಘದ ಭಾಷಣದಲ್ಲಿ ಹೇಳಿದ್ದುಂಟು. ಆ ಮಾತನ್ನು ಈಗ ಅಷ್ಟು ಸುಲಭವಾಗಿ ಹೇಳಲಾರೆವು. ಹತ್ತಿರವಿದ್ದವನ ಕಣ್ಣಿಗೆ ಕಾಣುವುದೂ ಹೆಚ್ಚು, ಕಟ್ಟುವ ಪೊರೆಯೂ ಹೆಚ್ಚು.

ತಿದ್ದಬಹುದೇ ಎಂದೂ ವಿಚಾರಿಸಿದೆವು. ಈಗಿನ ಮುಖ್ಯೋಪಾಧ್ಯಾಯರು ವಿನಯದಿಂದಲೇ ಉತ್ತರಿಸಿದರು: ಕೊಟ್ಟಿರುವ ಎಲ್.ಸಿ.ಯಲ್ಲಿ ಅಕ್ಷರ ತಿದ್ದುವಂತಿಲ್ಲ. ನಿವೃತ್ತರಾದವರಿಗೆ ಬರೆಯುವ ಅಧಿಕಾರವಂತೂ ಇಲ್ಲ. ಸರಿಯಾದ ಮಾತು. ನಾವೇ ಆ ಕುರ್ಚಿಯಲ್ಲಿದ್ದರೂ ಇದನ್ನೇ ಹೇಳುತ್ತಿದ್ದೆವು. ಬೇರೊಂದು ಕಾಗದದ ಮೇಲೆ, 1988ರಲ್ಲಿ ಬರೆದುದು ತಪ್ಪು, ಆ ವಿದ್ಯಾರ್ಥಿ ಸತ್ಯವನ್ನು ಹೇಳಿದ್ದನು, ಸುಳ್ಳು ಹೇಳಿಸಿದವರು ನಾವು ಎಂದು ಬರೆದು ಸಹಿ ಮಾಡಿ ಅವನಿಗೆ ಕೊಟ್ಟಿದ್ದೇವೆ. ಅದನ್ನು ಯಾವ ಕಚೇರಿಯೂ ಕೇಳುವುದಿಲ್ಲ. ಅವನು ಓದಿ, ಮಡಿಸಿ, ಅದೇ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡ. ಈ ಲೇಖನವನ್ನು ಪ್ರಕಟಿಸುವುದಕ್ಕೂ ಅವನ ಒಪ್ಪಿಗೆ ಪಡೆದಿದ್ದೇವೆ. ಹೆಸರು ಬೇಡವೆಂದ.

ಆ ದಿನದ ಸಹಿಯ ವಿಷಯವನ್ನು ಹೇಳಲು ಮರೆತೆವು. ಪೇದೆ ಕೇಳಿದ್ದು ಎರಡೇ ಪ್ರಶ್ನೆ. ಈ ಕುಟುಂಬವನ್ನು ಎಷ್ಟು ವರ್ಷದಿಂದ ಬಲ್ಲಿರಿ? ಹುಡುಗಿಯ ನಡತೆ ಹೇಗೆ? ಮೊದಲನೆಯದಕ್ಕೆ, ತಂದೆಯನ್ನು 1988ಕ್ಕೂ ಮೊದಲಿನಿಂದ ಬಲ್ಲೆವು ಎಂದೆವು. ಎರಡನೆಯದಕ್ಕೆ ನಮ್ಮ ಬಾಯಲ್ಲಿ ಅಭ್ಯಾಸದಂತೆ ‘ಉತ್ತಮ’ ಎಂಬ ಮಾತು ಬಂತು, ಆದರೆ ಅದನ್ನು ನುಂಗಿಕೊಂಡು ಬೇರೆ ಹೇಳಿದೆವು. ಕೊರೊನಾ ಕಾಲದಲ್ಲಿ ಈಕೆ ಕುವೈತ್‌ನ ಆಸ್ಪತ್ರೆಯಲ್ಲಿದ್ದಳು. ತನಗೇ ಕಾಯಿಲೆ ಬಂದು ಏಳುವವರೆಗೆ ರಜೆ ಹಾಕಲಿಲ್ಲ. ಕಳೆದ ವರ್ಷ ರಜೆಯಲ್ಲಿ ಬಂದಾಗ ನಮ್ಮ ಮನೆಯವರ ಕಾಲಿನ ಹುಣ್ಣಿಗೆ ಹದಿನೆಂಟು ದಿನ ಬಂದು ಪಟ್ಟಿ ಕಟ್ಟಿದಳು, ಒಂದು ಲೋಟ ಚಹದ ಹೊರತು ಏನೂ ಮುಟ್ಟಲಿಲ್ಲ. ಪೇದೆ ತಾಳ್ಮೆಯಿಂದ ಕೇಳಿಸಿಕೊಂಡರು. ನಮೂನೆಯಲ್ಲಿ ಅಷ್ಟು ಬರೆಯಲು ಜಾಗವಿಲ್ಲ ಮಾಸ್ತರರೇ ಎಂದು ನಕ್ಕು, ಒಂದೇ ಶಬ್ದ ಬರೆದುಕೊಂಡು, ಸಹಿಯ ಜಾಗವನ್ನು ತೋರಿಸಿದರು.

ನಮ್ಮ ದೇಶದ ಪತ್ರ ಆಕೆಗೆ ಬಂದಿದೆ. ಕುವೈತ್‌ನದೂ ಬಂದಿದೆ. ಸೌದಿಯದಕ್ಕೆ ಬೆರಳಚ್ಚು ಕೊಟ್ಟು ಕಳುಹಿಸಿದ್ದಾರೆ. ಈ ಸಂಚಿಕೆ ಅಚ್ಚಿಗೆ ಹೋಗುವವರೆಗೂ ಉತ್ತರ ಬಂದಿಲ್ಲ. ತಂದೆ ದಿನವೂ ಸಂಜೆ ಕೆಲಸದಿಂದ ಬಂದವನು ಕೈಕಾಲು ತೊಳೆಯುವ ಮೊದಲು ಮಗಳನ್ನು ಅದನ್ನೇ ಕೇಳುತ್ತಾನೆ.